ಹೊಲಿಗೆ ಹಾಕಿದ ಹೊಟ್ಟೆ ಮತ್ತು ನೀರಿನ ಕೊಡ

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಳು. ಅವಳ ಮಗಳಿಗೆ ಸಿಜೇರಿಯನ್ ಆಗಿತ್ತು. "ಮೇಡಮ್, ನೀವರ ಒಮ್ಮಿ ಹೋಗಿ ನೋಡಿ ಬರ್ರಿ. ನಾ ಹೋದ್ರ ಜಗಳ ಆಕ್ಕತಿ" ಎಂದಳು. ಚೊಚ್ಚಲ ಹೆರಿಗೆ, ಆದರೂ ಬಾಣಂತನ ತವರಿನಲ್ಲಿ ಇರಲಿಲ್ಲ. ಮದುವೆಯಲ್ಲಿ ಮಾತಾಡಿದ ಬಂಗಾರದಲ್ಲಿ ಎರಡು ತೊಲ ಬಾಕಿ ಉಳಿದಿತ್ತು. ಬಾಕಿ ತೀರಿಸಿ ಮಗಳನ್ನು ಕರೆದುಕೊಂಡು ಹೋಗಿ ಎಂದು ಬೀಗರು ಏಳನೆಯ ತಿಂಗಳಲ್ಲೇ ಹೇಳಿಬಿಟ್ಟಿದ್ದರು.

ನಾನು ಹೋದದ್ದು ಹೆರಿಗೆಯಾದ ಹನ್ನೊಂದನೆಯ ದಿನ. ನವಲಗುಂದದಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಳ್ಳಿ. ಬಾಗಿಲಲ್ಲಿ ನಿಂತು ಕೂಗುವಷ್ಟರಲ್ಲಿ ಹುಡುಗಿಯೇ ಓಣಿಯ ನಳದ ಕಡೆಯಿಂದ ಬಂದಳು. ಬಲಗೈಯಲ್ಲಿ ಪ್ಲಾಸ್ಟಿಕ್ ಕೊಡ. ಎಡಗೈ ಸೀರೆಯ ಮೇಲಿಂದ ಹೊಲಿಗೆಯನ್ನು ಒತ್ತಿ ಹಿಡಿದಿತ್ತು. ನನ್ನನ್ನು ನೋಡಿ ನಗಲು ಹೋಗಿ ತಡೆದುಕೊಂಡಳು, ನಕ್ಕರೆ ಹೊಟ್ಟೆ ಎಳೆಯುತ್ತದೆ. ಒಳಗೆ ಗೋಡೆಯ ಮಾಡದಲ್ಲಿ ಆಸ್ಪತ್ರೆಯಿಂದ ಕೊಟ್ಟ ಗುಳಿಗೆಗಳು ಹಾಗೇ ಇದ್ದವು. ಕೇಳಿದೆ. ಅತ್ತೆ ಹೇಳಿದಳು: "ನೋವಿನ ಗುಳಗಿ ನುಂಗಿದ್ರ ಹಾಲಿಗೆ ಇಳೀತಾವ ಅಕ್ಕಾರ. ನಾವೇನು ಹಡದಿಲ್ಲೇನ್ರಿ? ನಮ್ಮ ಕಾಲಕ್ಕ ಗುಳಗಿ ಎಲ್ಲಿದ್ದುವು?"

ಅದೇ ಮಾಡದಲ್ಲಿ ಬಿಡುಗಡೆಯ ಚೀಟಿಯೂ ಇತ್ತು. ಭಾರ ಎತ್ತಬಾರದು, ವಿಶ್ರಾಂತಿ ಪಡೆಯಬೇಕು, ಸಾಕಷ್ಟು ನೀರು ಕುಡಿಯಬೇಕು, ಪೌಷ್ಟಿಕ ಆಹಾರ ಸೇವಿಸಬೇಕು. ಮೂವತ್ತು ವರ್ಷ ಅರ್ಥಶಾಸ್ತ್ರದ ಪಾಠ ಮಾಡಿದವಳು ನಾನು. ಚೀಟಿಯನ್ನು ಓದುತ್ತ ನನಗೆ ಹೊಳೆದದ್ದು ಒಂದೇ ಪ್ರಶ್ನೆ: ಇವಳು ಭಾರ ಎತ್ತಬಾರದು ಸರಿ, ಹಾಗಾದರೆ ಎತ್ತುವವರು ಯಾರು? ಚೀಟಿಯಲ್ಲಿ ಅದಕ್ಕೆ ಉತ್ತರವಿಲ್ಲ. ಸಿಜೇರಿಯನ್ ನಂತರ ಔಷಧವಿಲ್ಲದೆಯೂ ನೋವು ಕಡಿಮೆ ಮಾಡುವ ಉಪಾಯಗಳನ್ನು ಹೇಳುವ ಪುಸ್ತಿಕೆಗಳಲ್ಲೂ ಇರುವುದಿಲ್ಲ. ಉಪಾಯಗಳೇನೋ ಒಳ್ಳೆಯವೇ. ಆದರೆ ಅವುಗಳಲ್ಲಿ ಒಂದೊಂದಕ್ಕೂ ಇನ್ನೊಬ್ಬರ ಕೈ ಬೇಕು. ಆ ಕೈ ಯಾರದು ಎಂಬುದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ, ನಮ್ಮ ಮನೆಗಳ ಪ್ರಶ್ನೆ.

ಸಿಜೇರಿಯನ್ ಎಂದರೆ ಪಟ್ಟಣದ ಶ್ರೀಮಂತ ಹೆಂಗಸರು ಮುಹೂರ್ತ ನೋಡಿ ಮಾಡಿಸಿಕೊಳ್ಳುವುದು ಎಂಬ ಕಲ್ಪನೆ ಇನ್ನೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆಗಳು ಸಿಜೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು 23.6 ಇತ್ತು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಜನಸಂಖ್ಯೆಯ ಮಟ್ಟದಲ್ಲಿ ನೂರಕ್ಕೆ ಹತ್ತನ್ನು ದಾಟಿದ ಮೇಲೆ ಸಿಜೇರಿಯನ್ ಹೆಚ್ಚಿದಷ್ಟೂ ತಾಯಿ-ಶಿಶು ಮರಣ ಇಳಿಯುತ್ತದೆಂಬುದಕ್ಕೆ ಆಧಾರ ಕಾಣುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬೇಡದ ಕಡೆ ಕೊಯ್ಯುವುದರ ಬಗ್ಗೆ ನಾವು ದನಿ ಎತ್ತಲೇಬೇಕು. ಆದರೆ ಅದು ಬೇರೆಯೇ ಲೇಖನದ ವಿಷಯ. ಇಲ್ಲಿ ನನ್ನ ಮಾತು ಈಗಾಗಲೇ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದವಳ ಬಗ್ಗೆ. ಅವಳು ಎರೆಹೊಲದಲ್ಲಿ ಹತ್ತಿ ಬಿಡಿಸುವವಳು, ಮೆಣಸಿನಕಾಯಿ ಹರಿಯುವವಳು, ನವಲಗುಂದದ ಓಣಿಯಲ್ಲಿ ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುವವಳು.

ಗಂಡಸರಿಗೂ ಎಷ್ಟೋ ಜನ ಹೆಂಗಸರಿಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಸಿಜೇರಿಯನ್ ಎಂದರೆ ಚರ್ಮದ ಮೇಲಿನ ಒಂದು ಗೆರೆಯಲ್ಲ. ಚರ್ಮ, ಅದರಡಿಯ ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪೊರೆ ಇವನ್ನು ಕೊಯ್ದು, ಹೊಟ್ಟೆಯ ಸ್ನಾಯುಗಳನ್ನು ಸರಿಸಿ, ಒಳಪೊರೆಯನ್ನು ಬಿಡಿಸಿ, ಕೊನೆಗೆ ಗರ್ಭಕೋಶವನ್ನು ಕೊಯ್ಯುತ್ತಾರೆ. ಮೊದಲ ಎರಡು ದಿನ ನೋವು ಬಹಳ. ಅದರ ಜೊತೆಗೆ ಕರುಳಿನಲ್ಲಿ ವಾಯು ತುಂಬಿ ಉಬ್ಬರಿಸುವ ನೋವು, ಮಗು ಹಾಲು ಕುಡಿಯುವಾಗ ಗರ್ಭಕೋಶ ಮುದುಡುವ ನೋವು. ಹೊರಗಿನ ಹೊಲಿಗೆ ಒಂದೂವರೆ ವಾರದಲ್ಲಿ ಒಣಗಿದಂತೆ ಕಂಡರೂ ಒಳಗಿನ ಪದರಗಳು ಕೂಡಿಕೊಳ್ಳಲು ಆರು ವಾರಗಳಾದರೂ ಬೇಕು. "ಗಾಯ ಮಾದೈತಲ್ಲ, ಇನ್ನೇನು" ಎನ್ನುವವರು ಮೇಲಿನ ಗೆರೆಯನ್ನಷ್ಟೇ ನೋಡಿರುತ್ತಾರೆ. ಗರ್ಭಚೀಲಕ್ಕೋ ಹರ್ನಿಯಾಕ್ಕೋ ಆಪರೇಷನ್ ಆಗಿ ಬಂದ ಗಂಡಸನ್ನು ನಮ್ಮ ಮನೆಗಳಲ್ಲಿ ಹೊರಸಿನ ಮೇಲೆ ಕೂಡಿಸಿ ತಟ್ಟೆ ಕೈಗೆ ಕೊಡುತ್ತೇವೆ ಎಂದು ಬರೆಯಹೊರಟೆ. ಗರ್ಭಚೀಲ ಗಂಡಸಿಗೆ ಇಲ್ಲವಲ್ಲ! ಹರ್ನಿಯಾ ಒಂದೇ ಸಾಕು, ಹೋಲಿಕೆಗೆ.

ಈಗ ಉಪಾಯಗಳಿಗೆ ಬರುತ್ತೇನೆ. ಇವು ಪುಸ್ತಕದ ಮಾತುಗಳೇ, ಆದರೆ ನಮ್ಮ ಮನೆಗಳಿಗೆ ಹೊಂದಿಸಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಏಳುವುದು. ನೆಲದ ಹಾಸಿಗೆಯಿಂದ ಬೆನ್ನು ಎತ್ತಿ ಎದ್ದರೆ ಇಡೀ ಭಾರ ಹೊಟ್ಟೆಯ ಸ್ನಾಯುಗಳ ಮೇಲೆ ಬಿದ್ದು ಜೀವ ಹೋದಂತಾಗುತ್ತದೆ. ಬಾಣಂತಿಗೆ ಹೊರಸು ಅಥವಾ ಮಂಚ ಬೇಕು. ಏಳುವಾಗ ಮೊಣಕಾಲು ಮಡಚಿ, ಹೆಗಲು ಮತ್ತು ಸೊಂಟ ಒಟ್ಟಿಗೆ ಹೊರಳುವಂತೆ ಒಂದು ಮಗ್ಗುಲಿಗೆ ತಿರುಗಿ, ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಕೈ ಊರಿ ಮೈ ಎತ್ತಬೇಕು. ಉಸಿರು ಬಿಗಿಹಿಡಿಯಬಾರದು, ಏಳುವಾಗ ಉಸಿರು ಬಿಡಬೇಕು. ಕೆಮ್ಮು, ಸೀನು, ನಗೆ ಬಂದಾಗ ಗಾಯದ ಮೇಲೆ ದಿಂಬನ್ನು ಮೆಲ್ಲಗೆ ಒತ್ತಿ ಹಿಡಿದರೆ ಎಳೆತ ಕಡಿಮೆಯಾಗುತ್ತದೆ. ದಿಂಬಿಗಿಂತ ನಮ್ಮ ಕೌದಿ ವಾಸಿ. ನಾಲ್ಕು ಮಡಿಕೆ ಮಾಡಿದ ಹಳೆಯ ಕೌದಿ ಮೆತ್ತಗೂ ಇರುತ್ತದೆ, ಹಿಡಿತಕ್ಕೂ ಸಿಗುತ್ತದೆ.

ಎರಡನೆಯದು ನಡೆಯುವುದು. ಕಾಲಿಗೆ ಸ್ವಾಧೀನ ಬಂದ ಮೇಲೆ, ವೈದ್ಯರು ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ಮೊದಲ ದಿನವೇ, ಒಬ್ಬರ ತೋಳು ಹಿಡಿದು ನಾಲ್ಕು ಹೆಜ್ಜೆ. ಇದರಿಂದ ಕರುಳು ಚಾಲೂ ಆಗುತ್ತದೆ, ವಾಯು ಇಳಿಯುತ್ತದೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಪ್ಪುತ್ತದೆ. ಇಲ್ಲೊಂದು ಎಚ್ಚರಿಕೆ. "ಡಾಕ್ಟರ್ ನಡೀಬೇಕಂದಾರ" ಎಂಬ ಮಾತನ್ನು ಹಿಡಿದುಕೊಂಡು ಬಾಣಂತಿಯನ್ನು ನೀರಿಗೆ, ಅಂಗಡಿಗೆ, ದನದ ಕೊಟ್ಟಿಗೆಗೆ ಅಟ್ಟುವ ಮನೆಗಳನ್ನು ಕಂಡಿದ್ದೇನೆ. ನಡಿಗೆ ಎಂದರೆ ಬರಿಗೈಯ ನಡಿಗೆ. ತುಂಬಿದ ಕೊಡವೊಂದು 12ರಿಂದ 15 ಕಿಲೊ ತೂಗುತ್ತದೆ. ಮೊದಲ ಆರು ವಾರ ಅವಳು ಎತ್ತಬಹುದಾದ ಅತಿ ದೊಡ್ಡ ಭಾರ ಅವಳ ಕೂಸು, ಅಷ್ಟೇ.

ಹಾಲೂಡಿಸುವಾಗ ಕೂಸು ಗಾಯದ ಮೇಲೆ ಬರಬಾರದು. ತಾಯಿ ಮಗ್ಗುಲಾಗಿ ಮಲಗಿ ಕೂಸನ್ನು ಎದುರಿಗೆ ಮಲಗಿಸಿಕೊಳ್ಳಬಹುದು. ಕುಳಿತು ಕುಡಿಸುವುದಾದರೆ ಬಗಲಲ್ಲಿ ಚೀಲ ಅವುಚಿ ಹಿಡಿದಂತೆ ಕೂಸನ್ನು ಪಕ್ಕಕ್ಕೆ ಹಿಡಿದು, ಅದರಡಿ ದಿಂಬಿಟ್ಟುಕೊಳ್ಳಬೇಕು, ಬೆನ್ನಿಗೆ ಗೋಡೆಯ ಆಸರೆ ಬೇಕು. "ಬೆನ್ನಿಗೆ ಸೂಜಿ ಕೊಟ್ಟಾರ, ಅದಕ್ಕ ಬೆನ್ನು ಹೋಗೇತಿ" ಎಂದು ವರ್ಷಗಟ್ಟಲೆ ಹೇಳುವ ಹೆಂಗಸರಿದ್ದಾರೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದುಂಟು. ವರ್ಷಗಟ್ಟಲೆಯ ಬೆನ್ನುನೋವಿಗೆ ಹೆಚ್ಚಾಗಿ ಕಾರಣ ಬಗ್ಗಿ ಕುಳಿತು ಹಾಲೂಡಿಸಿದ್ದು, ಸಡಿಲವಾದ ಹೊಟ್ಟೆಯ ಸ್ನಾಯುಗಳ ಮೇಲೆ ಬೇಗನೆ ಭಾರ ಹೇರಿದ್ದು. ಸೂಜಿಯ ಮೇಲೆ ತಪ್ಪು ಹೊರಿಸುವುದು ಸುಲಭ, ಸೂಜಿ ತಿರುಗಿ ಮಾತಾಡುವುದಿಲ್ಲ.

ಊಟ-ನೀರಿನ ವಿಷಯದಲ್ಲಿ ನನ್ನ ಅನುಭವವನ್ನೇ ಹೇಳುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಸಿಜೇರಿಯನ್ ಆಯಿತು. ತವರಿನ ಬಾಣಂತನ, ಪ್ರೀತಿಗೆ ಕೊರತೆಯಿರಲಿಲ್ಲ. ಅವ್ವ ಅಂಟಿನುಂಡಿ ಕಟ್ಟಿದಳು, ಅಳವಿ ಪಾಯಸ ಮಾಡಿದಳು. ಆದರೆ ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ದಿನಕ್ಕೆ ಎರಡೇ ಲೋಟ ನೀರು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಐದನೆಯ ದಿನಕ್ಕೆ ಮಲಬದ್ಧತೆಯಾಗಿ, ಮುಕ್ಕಿದಾಗ ಹೊಲಿಗೆ ಬಿಚ್ಚಿಹೋಯಿತೇನೋ ಎಂಬಂಥ ನೋವು. ಹೆರಿಗೆಯ ನೋವು ಮರೆತಿದ್ದೇನೆ, ಅದನ್ನು ಮರೆತಿಲ್ಲ. ನೀರು ಬೇಕು, ಹಾಲೂಡಿಸುವವಳಿಗೆ ಇನ್ನೂ ಹೆಚ್ಚು ಬೇಕು. ಸೊಪ್ಪು, ಹಣ್ಣು, ಬೇಳೆ ಬೇಕು. ಅವ್ವನ ಅಂಟಿನುಂಡಿಯಲ್ಲಿ ತಪ್ಪಿರಲಿಲ್ಲ, ನೀರನ್ನು ತಡೆದದ್ದರಲ್ಲಿತ್ತು.

ಕೆಂಡದ ಬಗ್ಗೆಯೂ ಒಂದು ಮಾತು. ಬೆಚ್ಚಗಿನ ಶಾಖ ಸೊಂಟಕ್ಕೆ, ಬೆನ್ನಿಗೆ ಹಿತ. ಆದರೆ ಕೊಯ್ದ ಜಾಗದ ಸುತ್ತ ಚರ್ಮ ತಿಂಗಳುಗಟ್ಟಲೆ ಜೋಮು ಹಿಡಿದಿರುತ್ತದೆ. ಬಿಸಿ ನೀರಿನ ಚೀಲವಿಟ್ಟರೆ ಸುಟ್ಟದ್ದೂ ತಿಳಿಯುವುದಿಲ್ಲ. ಗಾಳಿಯಿಲ್ಲದ ಕೋಣೆಯಲ್ಲಿ ಇದ್ದಿಲ ಹೊಗೆ ತಾಯಿಗೂ ಕೂಸಿಗೂ ಅಪಾಯ. ಎಣ್ಣೆ ಹಚ್ಚುವುದೂ ಹಾಗೆಯೇ. ಅಂಗೈ, ಅಂಗಾಲು, ಹೆಗಲುಗಳನ್ನು ಮೆಲ್ಲಗೆ ತಿಕ್ಕಿದರೆ ನೋವೂ ಆತಂಕವೂ ಇಳಿಯುತ್ತದೆಂದು ಅಧ್ಯಯನಗಳಲ್ಲಿ ಕಂಡಿದೆ, ನಮ್ಮ ಎರೆಯುವ ಅಜ್ಜಿಯರು ಅಧ್ಯಯನವಿಲ್ಲದೆ ಕಂಡುಕೊಂಡಿದ್ದರು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಾಗ ಸರಕಾರ ಆ ಕೈಗಳ ವಿದ್ಯೆಗೇ ನಮಸ್ಕಾರ ಮಾಡಿತು. ಆದರೆ ಹೊಟ್ಟೆಯನ್ನು ನೀವುವುದು, ಹೊಲಿಗೆಗೆ ಎಣ್ಣೆ-ಅರಿಸಿನ ಮೆತ್ತುವುದು ಸಿಜೇರಿಯನ್ ಆದವಳಿಗೆ ಸಲ್ಲದು. ಗಾಯ ಒಣಗಿ ಸ್ವಚ್ಛವಾಗಿರಬೇಕು. ಹೊಟ್ಟೆಗೆ ಬಟ್ಟೆ ಕಟ್ಟುವ ರೂಢಿಯ ಬಗ್ಗೆ ಸಂಶೋಧನೆಗಳು ಒಮ್ಮತಕ್ಕೆ ಬಂದಿಲ್ಲ. ಕೆಲವರಿಗೆ ಓಡಾಡುವಾಗ ಆಸರೆ ಅನ್ನಿಸುತ್ತದೆ, ಅಂಥವರು ಉಸಿರು ಬಿಗಿಯದಂತೆ ಕಟ್ಟಿಕೊಳ್ಳಲಿ. ಬಿಗಿದಷ್ಟೂ ಹೊಟ್ಟೆ ಸಣ್ಣದಾಗುತ್ತದೆ ಎಂಬುದು ಭ್ರಮೆ.

ಚ್ಯೂಯಿಂಗ್ ಗಮ್ ಅಗಿದರೆ ಕರುಳು ಬೇಗ ಚಾಲೂ ಆಗುತ್ತದೆಂದೂ ಅಧ್ಯಯನಗಳಿವೆ. ಇದನ್ನು ನಾನು ಹೇಳಿದಾಗ ಆ ಮನೆಯ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಳವಾದ ನಿಧಾನದ ಉಸಿರಾಟ, ಸಂಗೀತ ಕೇಳುವುದು, ಕೂಸನ್ನು ಬರಿಮೈಗೆ ತಾಗಿಸಿ ಮಲಗಿಸಿಕೊಳ್ಳುವುದು ಇವೆಲ್ಲ ಅಷ್ಟಷ್ಟು ಸಹಾಯ ಮಾಡುತ್ತವೆ. ಧಾರವಾಡ ಆಕಾಶವಾಣಿಯ ಬೆಳಗಿನ ಸಂಗೀತಕ್ಕೆ ಖರ್ಚೇನೂ ಇಲ್ಲ. ಆದರೆ ಸತ್ಯವನ್ನು ಹೇಳಿಬಿಡಬೇಕು. ಸಿಜೇರಿಯನ್ ನಂತರದ ನೋವಿಗೆ ಮಸಾಜ್, ಸಂಗೀತ, ಒತ್ತುಚಿಕಿತ್ಸೆ ಮುಂತಾದವುಗಳ ಬಗ್ಗೆ ನಡೆದ 37 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2020ರಲ್ಲಿ ಒಟ್ಟುಮಾಡಿ ನೋಡಿತು. ಕೆಲವು ಉಪಾಯಗಳಿಂದ ನೋವು ಕಡಿಮೆಯಾಗಬಹುದು, ಆದರೆ ಪುರಾವೆ ಗಟ್ಟಿಯಲ್ಲ ಎಂಬುದೇ ಅದರ ತೀರ್ಮಾನ. ಎಂದರೆ ಇವು ಗುಳಿಗೆಯ ಜೊತೆಗೆ ಇರಬೇಕಾದವು, ಗುಳಿಗೆಯ ಬದಲಿಗೆ ಅಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಔಷಧವಿಲ್ಲದ ಆರೈಕೆ ಎಂದ ಕೂಡಲೇ ನಮ್ಮಲ್ಲಿ ಅದು ತಾಳ್ಮೆಯ ಪಾಠವಾಗಿಬಿಡುತ್ತದೆ. ಹೆಣ್ಣು ಭೂಮಿತಾಯಿಯಂತೆ ಸಹಿಸಬೇಕು, ನೋವುಂಡವಳೇ ತಾಯಿ. ಈ ಹೊಗಳಿಕೆಯಷ್ಟು ಅಗ್ಗದ ಚಿಕಿತ್ಸೆ ಇನ್ನೊಂದಿಲ್ಲ. ವೈದ್ಯರು ಬರೆದುಕೊಡುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳನ್ನು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಹಾಲೂಡಿಸುವವಳಿಗೆ ಬಾಧಕವಿಲ್ಲ. ಹಾಲಿಗೆ ಇಳಿಯುವುದು ಅತ್ಯಲ್ಪ. ನೋವನ್ನು ಹಲ್ಲುಕಚ್ಚಿ ತಡೆದುಕೊಂಡವಳು ಏಳಲಾರಳು, ನಡೆಯಲಾರಳು, ಕೂಸನ್ನು ಸರಿಯಾಗಿ ಹಿಡಿದು ಹಾಲೂಡಿಸಲಾರಳು, ನಿದ್ದೆಯಿಲ್ಲದೆ ಮನಸ್ಸು ಕುಗ್ಗುತ್ತದೆ. ಮಾಡದಲ್ಲಿ ಉಳಿದ ಆ ಗುಳಿಗೆಗಳು ಸರಕಾರದ ಪುಕ್ಕಟೆ ಗುಳಿಗೆಗಳು. ದುಡ್ಡು ಉಳಿಸಲು ಇಟ್ಟದ್ದಲ್ಲ. ಅವಳಿಗೆ ಅಷ್ಟು ನೋವಿರಬಹುದು ಎಂಬುದನ್ನು ಆ ಮನೆ ಒಪ್ಪಿಕೊಂಡೇ ಇರಲಿಲ್ಲ.

ಮನೆಮದ್ದಿಗೂ ಗುಳಿಗೆಗೂ ಬಗ್ಗದ ಕೆಲವು ಲಕ್ಷಣಗಳಿವೆ. ಜ್ವರ, ಗಾಯ ಕೆಂಪಾಗಿ ಕೀವು ಬರುವುದು ಅಥವಾ ಬಾಯಿ ಬಿಡುವುದು, ವಾಸನೆಯ ಸ್ರಾವ, ತಾಸಿನೊಳಗೆ ಬಟ್ಟೆ ತೊಯ್ಯುವಷ್ಟು ರಕ್ತ, ಒಂದು ಕಾಲು ಮಾತ್ರ ಬಾತು ನೋಯುವುದು, ಉಸಿರು ಕಟ್ಟುವುದು, ತೀವ್ರ ತಲೆನೋವಿನೊಂದಿಗೆ ಕಣ್ಣು ಮಂಜಾಗುವುದು, ಸೆಳವು. ಇವುಗಳಲ್ಲಿ ಒಂದು ಕಂಡರೂ ಯಾರ ಅಪ್ಪಣೆಗೂ ಕಾಯದೆ 108ಕ್ಕೆ ಫೋನು ಮಾಡಬೇಕು.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಬಾಣಂತಿಗೆ ಹೊರಸು ಬೇಕು ಎಂದರೆ ಹೊರಸಿನ ಮೇಲೆ ಮಲಗುವ ಮಾವ ಅಥವಾ ಗಂಡ ನೆಲಕ್ಕೆ ಇಳಿಯಬೇಕು. ಅವಳು ಸಾಕಷ್ಟು ನೀರು ಕುಡಿಯಬೇಕು ಎಂದರೆ ಯಾರಾದರೂ ನೀರು ತರಬೇಕು. ದಿನಕ್ಕೆ ಹತ್ತು ಹನ್ನೆರಡು ಸಲ ಬದಲಿಸುವ ಕೂಸಿನ ಬಟ್ಟೆಗಳನ್ನು ಯಾರಾದರೂ ಒಗೆಯಬೇಕು. ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಅಳುವ ಕೂಸನ್ನು ಎತ್ತಿ ಅವಳ ಮಗ್ಗುಲಿಗೆ ಕೊಡಬೇಕು. ಅಂಗಾಲು ತಿಕ್ಕುವುದಕ್ಕೆ ಇಪ್ಪತ್ತು ನಿಮಿಷ ಬೇಕು. ಔಷಧವಿಲ್ಲದ ಉಪಾಯಗಳಿಗೆ ಖರ್ಚಿಲ್ಲ ಎಂದು ಪುಸ್ತಿಕೆಗಳು ಹೇಳುತ್ತವೆ. ಖರ್ಚಿದೆ. ಅದು ದುಡ್ಡಿನಲ್ಲಿಲ್ಲ, ದುಡಿಮೆಯಲ್ಲಿದೆ. ಗುಳಿಗೆಯನ್ನು ಬಾಣಂತಿ ಒಬ್ಬಳೇ ನುಂಗಬಹುದು, ವಿಶ್ರಾಂತಿಯನ್ನು ಮನೆಯವರು ಕೊಡಬೇಕು.

ನಮ್ಮದು ನೀರಿಗಾಗಿ ಹೋರಾಡಿದ ಊರು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನವಲಗುಂದ, ನರಗುಂದಗಳ ರೈತರು ಎದ್ದರು, ಗೋಲಿಬಾರಾಯಿತು, ಪ್ರತಿ ಜುಲೈ 21ರಂದು ಹುತಾತ್ಮರನ್ನು ನೆನೆಯುತ್ತೇವೆ. ಆಮೇಲೆ ಕಳಸಾ-ಬಂಡೂರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತೆವು. ಆ ಹೋರಾಟಗಳಲ್ಲಿ ಹೆಂಗಸರೂ ಇದ್ದರು, ನಾನೂ ಒಂದೆರಡು ದಿನ ಕುಳಿತವಳು. ಆದರೆ ನೀರು ನಳಕ್ಕೆ ಬಂದ ಮೇಲೆ ನಳದಿಂದ ಒಲೆಯವರೆಗೆ ಅದನ್ನು ಹೊರುವವರು ಯಾರು ಎಂಬುದು ಯಾವ ಮನವಿ ಪತ್ರದಲ್ಲೂ ಇರಲಿಲ್ಲ. ಇದೇ ಊರಿನ ರಾಮಲಿಂಗ ಕಾಮಣ್ಣನಿಗೆ ಹೋಳಿಯಲ್ಲಿ ಮಕ್ಕಳ ಫಲ ಬೇಡಿ ಬೆಳ್ಳಿಯ ತೊಟ್ಟಿಲು ಅರ್ಪಿಸುತ್ತಾರೆ. ಅಷ್ಟು ಬೇಡಿ ಪಡೆದ ಕೂಸನ್ನು ಹೊತ್ತ ಹೊಟ್ಟೆಗೆ ಆರು ವಾರದ ಬಿಡುವು ಕೊಡಲು ಮಾತ್ರ ನಮಗೆ ಆಗುವುದಿಲ್ಲ.

ಹಳೆಯ ಬಾಣಂತನ ಪದ್ಧತಿಯಲ್ಲಿ ಒಂದು ವಿವೇಕವಿತ್ತು. ಹೆಣ್ಣುಮಗಳನ್ನು ಮೂರು ತಿಂಗಳೋ ಐದು ತಿಂಗಳೋ ಗಂಡನ ಮನೆಯ ಕೆಲಸದಿಂದಲೂ ಗಂಡನ ಹಾಸಿಗೆಯಿಂದಲೂ ದೂರವಿಡುತ್ತಿತ್ತು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಲಿಗೆ ಆರುವ ಮೊದಲೇ ಗಂಡನ ಬಲವಂತಕ್ಕೆ ಒಳಗಾದವರು ನನ್ನ ಬಳಿ ಬಂದು ಅತ್ತಿದ್ದಾರೆ, ಅದನ್ನು ನೋವು ಎಂದು ಹೇಳಲೂ ಅವರಿಗೆ ನಾಚಿಕೆ. ಆದರೆ ಅದೇ ಪದ್ಧತಿ ಖರ್ಚನ್ನೆಲ್ಲ ತವರಿನ ಮೇಲೆ ಹೇರಿತು. ಕುಬಸದ ಸೀರೆ, ಆಸ್ಪತ್ರೆಯ ಬಿಲ್ಲು, ಉಂಡಿ, ತೊಟ್ಟಿಲು, ಕೂಸಿಗೆ ಬಂಗಾರ, ಅಳಿಯನಿಗೆ ಉಂಗುರ. ವರದಕ್ಷಿಣೆ ಮದುವೆಯ ಚಪ್ಪರದಡಿಯಲ್ಲಿ ಮುಗಿಯುವುದಿಲ್ಲ, ಬಾಣಂತಿಯ ಕೋಣೆಯವರೆಗೂ ಬರುತ್ತದೆ. ಸಾದಾ ಹೆರಿಗೆ ಸಿಜೇರಿಯನ್ ಆದ ಕೂಡಲೇ "ಖರ್ಚು ಯಾರದು" ಎಂಬ ಜಗಳ ಹುಟ್ಟುತ್ತದೆ. ಸರಕಾರಿ ಆಸ್ಪತ್ರೆಯಲ್ಲಾದರೆ ಈ ಜಗಳಕ್ಕೆ ಆಧಾರವೇ ಇಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಿಜೇರಿಯನ್, ಔಷಧ, ಏಳು ದಿನದವರೆಗಿನ ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ಆದರೂ ಲೆಕ್ಕ ಬರೆಯುವವರು ಬರೆಯುತ್ತಲೇ ಇರುತ್ತಾರೆ. ನಮ್ಮ ಹುಡುಗಿಯ ಮನೆಯಲ್ಲಿ ಹುಟ್ಟಿದ್ದು ಹೆಣ್ಣುಕೂಸು. ಪಕ್ಕದ ಮನೆಯಾಕೆ ನನ್ನ ಕಿವಿಯಲ್ಲಿ ಹೇಳಿದಳು: "ಗಂಡು ಆಗಿದ್ರ ಆ ಕೊಡ ತಾನ ಕೆಳಗ ಇಳೀತಿತ್ರಿ."

ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂದಿನ ಸಮೀಕ್ಷೆಯ 20.6ಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹೊಡೆತ ಲೆಕ್ಕಕ್ಕೆ ಸಿಗುತ್ತದೆ. ಬಾಣಂತಿಯ ಕೈಗೆ ಕೊಡ ಕೊಡುವುದು, ಗುಳಿಗೆಯನ್ನು ಮಾಡದಲ್ಲಿ ಇಡುವುದು, ತವರಿಗೆ ಕಳಿಸದೆ ಬಾಕಿಗೆ ಒತ್ತೆಯಿಟ್ಟುಕೊಳ್ಳುವುದು ಯಾವ ಲೆಕ್ಕದಲ್ಲಿ ಬರುತ್ತವೆ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇಲ್ಲಿ ನಮ್ಮ ಕಡೆಗಿದೆ. ಹೆಣ್ಣಿನ ಆರೋಗ್ಯ, ಸುರಕ್ಷತೆ, ಯೋಗಕ್ಷೇಮಕ್ಕೆ ದೇಹದಿಂದಾಗಲಿ ಮನಸ್ಸಿನಿಂದಾಗಲಿ ಹಾನಿ ಮಾಡುವುದು, ವರದಕ್ಷಿಣೆಗಾಗಿ ಪೀಡಿಸುವುದು, ಬದುಕಿಗೆ ಬೇಕಾದದ್ದನ್ನು ತಡೆಹಿಡಿಯುವುದು ಅದರ ವ್ಯಾಖ್ಯೆಯೊಳಗೇ ಬರುತ್ತವೆ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. 181ಕ್ಕೆ ಫೋನು ಮಾಡಬಹುದು. ಹನ್ನೊಂದು ದಿನದ ಬಾಣಂತಿ ದೂರು ಕೊಡಲು ಹೊರಡುವುದಿಲ್ಲ ಎಂಬುದು ನನಗೆ ಗೊತ್ತು. ಅವಳ ಪರವಾಗಿ ಬೇರೊಬ್ಬರು ಮಾಹಿತಿ ಕೊಡಲು ಕಾಯಿದೆಯಲ್ಲೇ ಅವಕಾಶವಿದೆ, ಇದನ್ನು ನಮ್ಮ ಸಂಘಗಳ ಗೆಳತಿಯರು ನೆನಪಿಡಬೇಕು.

ಆದರೆ ಎಲ್ಲದಕ್ಕೂ ಕಾಯಿದೆಗೆ ಹೋಗುವ ಮೊದಲು ಆಸ್ಪತ್ರೆಯಲ್ಲೇ ಆಗಬಹುದಾದ ಕೆಲಸಗಳಿವೆ. ಬಿಡುಗಡೆಯ ಚೀಟಿಯನ್ನು ಬಾಣಂತಿಯ ಕೈಗಿಟ್ಟು ಕಳಿಸಬಾರದು. ಗಂಡ ಮತ್ತು ಮನೆಯ ಹಿರಿಯರನ್ನು ಕೂಡಿಸಿ ಓದಿ ಹೇಳಬೇಕು, "ಇವಳು ಎತ್ತಬಾರದು" ಎಂಬುದರ ಬದಲು "ನೀವು ಎತ್ತಬೇಕು" ಎಂದು ಹೇಳಬೇಕು. ಶಸ್ತ್ರಚಿಕಿತ್ಸೆಗೆ ಸಹಿ ಹಾಕಲು ಗಂಡನನ್ನು ಹುಡುಕಿ ತರುವ ಆಸ್ಪತ್ರೆ ಆರೈಕೆಗೂ ಅವನನ್ನು ಹುಡುಕಲಿ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರಕಾರ 2016ರಲ್ಲೇ ಹೇಳಿದೆ, ಆ ಜೊತೆಗಾತಿಗೆ ಹೊರಳಿಸಿ ಏಳಿಸುವುದನ್ನು, ಹಾಲೂಡಿಸಲು ಹಿಡಿಯುವುದನ್ನು ನರ್ಸ್ ಐದು ನಿಮಿಷದಲ್ಲಿ ಕಲಿಸಬಹುದು. ಸಿಜೇರಿಯನ್ ಆದವರ ಮನೆಗೆ ಆಶಾ ಕಾರ್ಯಕರ್ತೆ ಏಳನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಐದು ಸಲ ಬರಬೇಕು. ಬರುತ್ತಾಳೆ, ಕೂಸನ್ನು ತೂಗುತ್ತಾಳೆ. ತಾಯಿಗೆ ನೋವೆಷ್ಟಿದೆ, ಇಂದು ಏನೇನು ಎತ್ತಿದಳು ಎಂದು ಕೇಳುವ ಒಂದು ಸಾಲನ್ನು ಅವಳ ಪುಸ್ತಕಕ್ಕೆ ಸೇರಿಸಿದರೆ ಸಾಕು. ಅವಳಿಗೆ ಕೊಡುವ ಪುಡಿಗಾಸನ್ನೂ ಹೆಚ್ಚಿಸಬೇಕೆನ್ನಿ, ಅವಳ ಬೆನ್ನೂ ಬೆನ್ನೇ. ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಹತ್ತು, ಇಪ್ಪತ್ತು ರೂಪಾಯಿ ಕೂಡಿಸುತ್ತವೆ, ಬಾಣಂತಿಯಿರುವ ಮನೆಗೆ ಪಾಳಿಯ ಮೇಲೆ ಎರಡು ಕೊಡ ನೀರನ್ನೂ ಕೂಡಿಸಬಹುದು. ಇದರಿಂದ ಗಂಡಸರು ಪಾರಾಗುತ್ತಾರೆ ಎಂಬ ಆಕ್ಷೇಪ ನನ್ನದೂ ಹೌದು. ಆದರೂ ಆರು ವಾರದ ಹೊಲಿಗೆ ಗಂಡಸರ ಹೃದಯ ಪರಿವರ್ತನೆಗೆ ಕಾಯುವುದಿಲ್ಲ.

ಆ ದಿನ ನಾನು ಅಲ್ಲಿಂದ ಹೊರಡುವ ಮೊದಲು ಚೀಟಿಯನ್ನು ತೆಗೆದುಕೊಂಡು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಮನೆಯ ಕೆಲಸಗಳನ್ನು ಒಂದರ ಕೆಳಗೊಂದು ಬರೆದೆ. ನೀರು, ರೊಟ್ಟಿ, ಕೂಸಿನ ಬಟ್ಟೆ, ಗುಳಿಗೆ ಕೊಡುವುದು, ರಾತ್ರಿ ಕೂಸನ್ನು ಎತ್ತಿ ಕೊಡುವುದು. ಪ್ರತಿಯೊಂದರ ಮುಂದೆ ಯಾರ ಹೆಸರು ಬರೆಯಲಿ ಎಂದು ಕೇಳಿದೆ. ಗಂಡ ಬಾಗಿಲ ಹತ್ತಿರ ನಿಂತು ಮೊಬೈಲು ನೋಡುತ್ತಿದ್ದ. ಅತ್ತೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾ ಹಡದ ಹದಿನೈದ ದಿನಕ್ಕ ಕಳೆ ತಗಿಯಾಕ ಹೋಗಿದ್ದೆ ಅಕ್ಕಾರ. ಹೊಲದಾಗ ರಕ್ತ ಹರೀತು. ಯಾರೂ ಏನ ಅಂತ ಕೇಳಲಿಲ್ಲ" ಎಂದಳು. ರೊಟ್ಟಿಯ ಮುಂದೆ, ಗುಳಿಗೆಯ ಮುಂದೆ ತನ್ನ ಹೆಸರು ಬರೆಯಿರಿ ಎಂದಳು. ನೀರಿನ ಮುಂದೆ ಮಗನ ಹೆಸರು ಅವಳೇ ಹೇಳಿದಳು, ಅವನು ತಲೆಯೆತ್ತಲಿಲ್ಲ.

ಎರಡು ವಾರದ ಮೇಲೆ ಫೋನು ಮಾಡಿದೆ. ನೀರು ಅವನೇ ತರುತ್ತಿದ್ದಾನಂತೆ, ಬೆಳಗಿನ ಐದಕ್ಕೆ, ಓಣಿಯವರು ಏಳುವ ಮೊದಲು. ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟು ಮುಗಿಸಿದ್ದಾರೆ. ಎರಡು ತೊಲದ ಮಾತು ಇನ್ನೂ ಹಾಗೇ ಇದೆ. ಪಟ್ಟಿಯ ಕೊನೆಯ ಸಾಲಿನ ಮುಂದೆ, ರಾತ್ರಿ ಕೂಸನ್ನು ಎತ್ತಿ ಕೊಡುವುದು ಎಂಬಲ್ಲಿ, ಇನ್ನೂ ಯಾರ ಹೆಸರೂ ಇಲ್ಲ.